ಬೋಕಿ ಹೇಳಿದ ಕಾಲ

 ಊರಿನ ವಯಸ್ಸನ್ನು ಮಣ್ಣು ಹೇಗೆ ಹೇಳುತ್ತದೆ ಗೊತ್ತಾ?

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಬನ್ನಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಇಲ್ಲಿ ಅಗೆಸಿದರು. ತಳದಲ್ಲಿ, ಅಂದರೆ ಎಲ್ಲಕ್ಕಿಂತ ಹಳೆಯ ಪದರದಲ್ಲಿ, ಉಜ್ಜಿ ನುಣುಪಾಗಿಸಿದ ಕಲ್ಲುಕೊಡಲಿ. ಅದರ ಮೇಲೆ ಕಬ್ಬಿಣ ಬಳಸಿ, ಕಲ್ಲುಗೋರಿ ಕಟ್ಟಿದವರ ಕಪ್ಪು-ಕೆಂಪು ಮಡಕೆ. ಇನ್ನೂ ಮೇಲೆ, ಶಾತವಾಹನರ ಕಾಲದ ಪದರದಲ್ಲಿ, ತೆಳುವಾದ ಮಡಕೆ ಚೂರು, ಅಂದರೆ ಬೋಕಿ. ಹತ್ತಿರದಿಂದ ನೋಡಿ: ಒಳತಳದಲ್ಲಿ ಸುತ್ತಲೂ ಸಣ್ಣ ಸಣ್ಣ ಕಚ್ಚುಗಳ ಸಾಲು!

ಇಂಥದೇ ಬೋಕಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಇಟಲಿಯ ಮಡಕೆಗಳ ಜೊತೆ ಸಿಕ್ಕಿತ್ತು. ಆ ಇಟಲಿ ಮಡಕೆಗಳ ಕಾಲ ಗೊತ್ತಿದ್ದರಿಂದ, ಅದನ್ನೇ ಹಿಡಿದು ವ್ಹೀಲರ್ ಬ್ರಹ್ಮಗಿರಿಯ ಪದರಗಳ ಕಾಲ ಲೆಕ್ಕ ಹಾಕಿದರು. ಚಿತ್ರದುರ್ಗ ಜಿಲ್ಲೆಯದೇ ಆದ ಚಂದ್ರವಳ್ಳಿಯಲ್ಲಂತೂ ರೋಮ್ ಚಕ್ರವರ್ತಿ ಟಿಬೇರಿಯಸ್‌ನ ಬೆಳ್ಳಿ ನಾಣ್ಯವೇ ಸಿಕ್ಕಿತು. ಹಾಗೆಂದು ರೋಮ್ ನಮ್ಮನ್ನು ಆಳಲಿಲ್ಲ, ನಮ್ಮೊಡನೆ ವ್ಯಾಪಾರ ಮಾಡಿತು.

ನಿಮ್ಮ ಹೊಲದಲ್ಲಿ ಹಳೇ ಬೋಕಿ ಕಂಡರೆ ಕೀಳಬೇಡಿ, ಪುರಾತತ್ವ ಇಲಾಖೆಗೆ ತಿಳಿಸಿ.