ಮನಶ್ಶಾಸ್ತ್ರ ವಿದ್ಯಾರ್ಥಿಯ ಕೈಯಲ್ಲಿ ಮೊಬೈಲ್ ಏಕೆ?

"ಡಾಕ್ಟರೇ, ಮಗಳನ್ನು ಮನಶ್ಶಾಸ್ತ್ರ ವಿಭಾಗಕ್ಕೆ ತೋರಿಸಲು ಹೋಗಿದ್ದೆ. ಅಲ್ಲಿ ಕಲಿಯುತ್ತಿರುವ ಹುಡುಗಿಯೊಬ್ಬಳು ಪ್ರಶ್ನೆ ಕೇಳುತ್ತಾ ಮೊಬೈಲ್ ಒತ್ತುತ್ತಿದ್ದಳು. ನಮ್ಮ ಮನೆಯ ಗುಟ್ಟು ಎಲ್ಲಿಗೆ ಹೋಯಿತೋ!" ನನ್ನ ಬಳಿ ಬಂದ ತಾಯಿಯೊಬ್ಬರ ಆತಂಕವಿದು.

ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುತ್ತಾ ಕಲಿಯುತ್ತಾರೆ. ನೋಡಿದ ರೋಗಿಗಳ ಲೆಕ್ಕವಿಡಲು, ಪ್ರಶ್ನಾವಳಿಯ ಅಂಕ ಕೂಡಲು, ಉಸಿರಾಟದ ಅಭ್ಯಾಸ ಹೇಳಿಕೊಡಲು ಆ್ಯಪ್‌ಗಳು ಅವರಿಗೆ ನೆರವಾಗುತ್ತವೆ. ಇದರಲ್ಲಿ ತಪ್ಪಿಲ್ಲ.

ಆದರೆ ಆ್ಯಪ್‌ಗೆ ಮಿತಿಯಿದೆ. ಖಿನ್ನತೆಯನ್ನು ಅಳೆಯುವ 'ಪಿಎಚ್‌ಕ್ಯೂ-9' ಎಂಬ ಪ್ರಶ್ನಾವಳಿಯನ್ನೇ ನೋಡಿ. ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆಗಳು, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಆ್ಯಪ್ ಕ್ಷಣದಲ್ಲಿ ಕೂಡಿಸಿ ಹೇಳುತ್ತದೆ. ಸುಸ್ತು, ನಿದ್ರೆ, ಹಸಿವಿನ ಪ್ರಶ್ನೆಗಳಿಗೆ ರಕ್ತಹೀನತೆ ಅಥವಾ ಥೈರಾಯ್ಡ್ ತೊಂದರೆಯಿಂದಲೂ ಅಂಕ ಏರಬಹುದು. ಒಂಬತ್ತನೆಯ ಪ್ರಶ್ನೆ ಸಾವಿನ, ಸ್ವಯಂ ಹಾನಿಯ ಯೋಚನೆಯದು. ಅಲ್ಲಿ ಬಂದ ಒಂದೇ ಒಂದು ಅಂಕ ಮೊತ್ತದಲ್ಲಿ ಅಡಗಿಹೋಗಬಹುದು. ಒಟ್ಟು ಅಂಕ ಕಡಿಮೆಯಿದ್ದರೂ ಅದನ್ನು ಕಂಡ ಕೂಡಲೇ ಮೊಬೈಲ್ ಬದಿಗಿಟ್ಟು, ರೋಗಿಯ ಮುಖ ನೋಡಿ ಮೆಲ್ಲನೆ ವಿಚಾರಿಸಬೇಕು, ಹಿರಿಯರಿಗೆ ತಿಳಿಸಬೇಕು. ಇದನ್ನು ಕಲಿಸುವವರು ಗುರುಗಳು.

ಇನ್ನು ಗುಟ್ಟಿನ ವಿಷಯ. ರೋಗಿ ಹೇಳಿದ ಮಾತು ಅಮಾನತ್. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಗೌಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳಿದೆ. ಪ್ರಾಣಾಪಾಯದಂತಹ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಆದ್ದರಿಂದ ವಿದ್ಯಾರ್ಥಿಗಳು ಸ್ವಂತ ಮೊಬೈಲಿನಲ್ಲಿ ರೋಗಿಯ ಹೆಸರು, ಫೋಟೋ ಇಡಬಾರದು. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ಒಪ್ಪಿಗೆಯಿಲ್ಲದೆ ಧ್ವನಿ ಮುದ್ರಿಸಬಾರದು.

"ಏನು ಬರೆದುಕೊಳ್ಳುತ್ತಿದ್ದೀರಿ? ಹೆಸರು ಸೇರಿಸಿದ್ದೀರಾ? ಯಾರು ನೋಡುತ್ತಾರೆ?" ಎಂದು ನೀವೂ ಸಂಕೋಚವಿಲ್ಲದೆ ಕೇಳಿ. ಆ ತಾಯಿಗೂ ನಾನು ಹೇಳಿದ್ದು ಇದನ್ನೇ. ಭಯಪಟ್ಟು ಚಿಕಿತ್ಸೆ ನಿಲ್ಲಿಸಬೇಡಿ.

ನಿಮ್ಮ ಮಕ್ಕಳು ಇದೇ ವಿದ್ಯೆ ಕಲಿಯುತ್ತಿದ್ದರೆ ಅವರಿಗೂ ಈ ಮಾತು ತಿಳಿಸಿ. ಮನೆಯಲ್ಲಿ ಯಾರಾದರೂ ಸಾವಿನ ಮಾತಾಡಿದರೆ ಆ್ಯಪ್ ಹುಡುಕುತ್ತಾ ಕೂರದೆ ಒಬ್ಬರನ್ನೇ ಬಿಡದೆ ಜೊತೆಗಿರಿ. ಸರಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು; ಕನ್ನಡದಲ್ಲೇ ಮಾತನಾಡಬಹುದು.