ಮಕ್ಕಳಲ್ಲಿ ಆಟಿಸಂ: ಚಿಕಿತ್ಸೆ ಮತ್ತು ಬೆಂಬಲ ಕುರಿತ ಹೊಸ ಸಂಶೋಧನೆಗಳು – ಪೋಷಕರಿಗೆ ಮಾಹಿತಿ

ಮೆದುಳಿನ ಬೆಳವಣಿಗೆಯ ಹಂತದಲ್ಲಿಯೇ ಆರಂಭಗೊಂಡು ಮಗುವಿನ ಮಾತು, ಕಲಿಕೆ, ಗಮನ, ಚಲನೆ ಅಥವಾ ಸಾಮಾಜಿಕ ಒಡನಾಟದ ಮೇಲೆ ಪ್ರಭಾವ ಬೀರುವ ಸ್ಥಿತಿಗಳನ್ನು ನರವಿಕಾಸ ಸಂಬಂಧಿ ತೊಂದರೆಗಳು ಎನ್ನಲಾಗುತ್ತದೆ. ದೇಶದ 5 ಪ್ರದೇಶಗಳಲ್ಲಿ 3,964 ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಲಾದ ಅಧ್ಯಯನದ ಪ್ರಕಾರ, 2ರಿಂದ 6 ವರ್ಷದೊಳಗಿನ ಮಕ್ಕಳಲ್ಲಿ ಶ್ರವಣ ಮತ್ತು ದೃಷ್ಟಿ ದೋಷಗಳೂ ಸೇರಿದಂತೆ ಇಂತಹ ತೊಂದರೆಗಳ ಪ್ರಮಾಣವು ಪ್ರದೇಶಕ್ಕನುಗುಣವಾಗಿ ಶೇ. 2.9ರಿಂದ ಶೇ. 18.7ರವರೆಗೆ ಇದೆ. ಇವುಗಳಲ್ಲಿ ಒಂದಾದ ಆಟಿಸಂ (ಸ್ವಲೀನತೆ) ಕುರಿತು ಇಲ್ಲಿ ವಿವರಿಸಲಾಗಿದೆ.

ಮಗುವಿಗೆ ಆಟಿಸಂ ಇದೆಯೆಂದು ತಿಳಿದ ಕುಟುಂಬಕ್ಕೆ, ತನ್ನಲ್ಲಿರುವ ಹಣ ಮತ್ತು ಸಮಯವನ್ನು ಯಾವುದಕ್ಕೆ ವಿನಿಯೋಗಿಸಬೇಕು ಎಂಬುದೇ ಮುಖ್ಯ ಪ್ರಶ್ನೆಯಾಗಿರುತ್ತದೆ. ಈ ಪ್ರಶ್ನೆಗೆ ಇತ್ತೀಚಿನ ಸಂಶೋಧನೆಗಳು ಬಹುಮಟ್ಟಿಗೆ ಸ್ಪಷ್ಟ ಉತ್ತರ ನೀಡಿವೆ.

ಔಷಧಗಳಿಂದ ಆಟಿಸಂ ಗುಣವಾಗುವುದೇ?

ಆಟಿಸಂ ಅನ್ನು ಗುಣಪಡಿಸುವ ಔಷಧವು ಈವರೆಗೆ ಲಭ್ಯವಿಲ್ಲ. ತೀವ್ರ ಸಿಡುಕು, ನಿದ್ರಾಹೀನತೆ, ಅಪಸ್ಮಾರ ಮುಂತಾದ ಜೊತೆಗಿನ ತೊಂದರೆಗಳಿಗೆ ಮಾತ್ರ ವೈದ್ಯರು ಔಷಧ ನೀಡುತ್ತಾರೆ. ಬಹಳ ನಿರೀಕ್ಷೆ ಮೂಡಿಸಿದ್ದ ಆಕ್ಸಿಟೋಸಿನ್ ಹಾರ್ಮೋನನ್ನು ಅಮೆರಿಕದಲ್ಲಿ 3ರಿಂದ 17 ವರ್ಷದ 290 ಮಕ್ಕಳ ಅಧ್ಯಯನದಲ್ಲಿ 24 ವಾರಗಳ ಕಾಲ ಪರೀಕ್ಷಿಸಲಾಯಿತು. ಔಷಧ ಪಡೆದವರಿಗೂ ಔಷಧವಿಲ್ಲದ ದ್ರವವನ್ನು ಪಡೆದವರಿಗೂ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲವೆಂದು 2021ರಲ್ಲಿ ವರದಿಯಾಯಿತು. ಬ್ಯುಮೆಟನೈಡ್ ಔಷಧದ ಅಂತಿಮ ಹಂತದ ಪ್ರಯೋಗಗಳನ್ನು, ಪ್ರಯೋಜನ ಕಾಣದ ಕಾರಣ, ಅದೇ ವರ್ಷ ನಿಲ್ಲಿಸಲಾಯಿತು.

ವಯಸ್ಸು ಹೆಚ್ಚಿದಂತೆ ಪ್ರತಿ ಮಗುವಿನಲ್ಲಿಯೂ ಸ್ವಲ್ಪಮಟ್ಟಿನ ಪ್ರಗತಿ ಸಹಜ. ಆದುದರಿಂದ ಹೋಲಿಕೆಯ ಗುಂಪು ಇಲ್ಲದೆ, ಒಂದೆರಡು ಮಕ್ಕಳು ಸುಧಾರಿಸಿದ್ದಾರೆ ಎಂಬ ಮಾತನ್ನು ಚಿಕಿತ್ಸೆಯ ಫಲವೆಂದು ಪರಿಗಣಿಸಲಾಗದು.

ಸ್ಟೆಮ್ ಸೆಲ್ ಚಿಕಿತ್ಸೆ

ಸ್ಟೆಮ್ ಸೆಲ್ (ಆಕರ ಕೋಶ) ಚಿಕಿತ್ಸೆಯಿಂದ ಆಟಿಸಂ ಗುಣವಾಗುತ್ತದೆ ಎಂಬ ಪ್ರಚಾರವನ್ನು ನಂಬಿ ಅನೇಕ ಕುಟುಂಬಗಳು ಅಪಾರ ಹಣ ವ್ಯಯಿಸಿವೆ. ಇದಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ. ಆಟಿಸಂಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಹಾಗೂ ಅದರ ಪ್ರಚಾರವು ವೃತ್ತಿ ದುರ್ನಡತೆಯಾಗುತ್ತದೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತೆ ಮಂಡಳಿಯು 2022ರಲ್ಲಿ ತಿಳಿಸಿದೆ.

ಪೋಷಕರ ಮೂಲಕ ನೀಡುವ ತರಬೇತಿ

ಭರವಸೆ ಮೂಡಿಸಿರುವ ಕ್ಷೇತ್ರವೆಂದರೆ ಪೋಷಕರಿಗೇ ತರಬೇತಿ ನೀಡುವ ವಿಧಾನ. ತಾಯಿ ಅಥವಾ ತಂದೆ ಮಗುವಿನೊಂದಿಗೆ ಆಟವಾಡುವುದನ್ನು ವಿಡಿಯೋ ಚಿತ್ರೀಕರಿಸಿ, ಅದನ್ನು ಅವರೊಂದಿಗೆ ವೀಕ್ಷಿಸಲಾಗುತ್ತದೆ. ಮಗು ಯಾವಾಗ ಕಣ್ಣೆತ್ತಿ ನೋಡಿತು, ಯಾವ ಸನ್ನೆ ಮಾಡಿತು, ಅದಕ್ಕೆ ಹೇಗೆ ಪ್ರತಿಕ್ರಿಯಿಸಬೇಕು ಎಂಬುದನ್ನು ಪೋಷಕರು ಗುರುತಿಸಲು ಕಲಿಯುತ್ತಾರೆ. ಇಂಗ್ಲೆಂಡಿನಲ್ಲಿ 152 ಮಕ್ಕಳ ಮೇಲೆ ನಡೆದ ಈ ಅಧ್ಯಯನದ ಮೊದಲ ವರದಿ 2010ರಲ್ಲಿ ಪ್ರಕಟವಾಯಿತು. ಸುಮಾರು 6 ವರ್ಷಗಳ ನಂತರವೂ ಆಟಿಸಂ ಲಕ್ಷಣಗಳ ತೀವ್ರತೆಯು ಹೋಲಿಕೆಯ ಗುಂಪಿಗಿಂತ ಕಡಿಮೆ ಇದ್ದುದು 2016ರ ವರದಿಯಿಂದ ತಿಳಿದುಬಂದಿದೆ.

ಇದೇ ವಿಧಾನವನ್ನು ದಕ್ಷಿಣ ಏಷ್ಯಾಕ್ಕೆ ಹೊಂದಿಸಿ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 2ರಿಂದ 9 ವರ್ಷದ 65 ಮಕ್ಕಳೊಂದಿಗೆ ಪರೀಕ್ಷಿಸಲಾಯಿತು. ತಜ್ಞರಲ್ಲದ, ತರಬೇತಿ ಪಡೆದ ಕಾರ್ಯಕರ್ತರೇ 6 ತಿಂಗಳಲ್ಲಿ 12 ಬಾರಿ ಮಾರ್ಗದರ್ಶನ ನೀಡಿದರು. ಮಕ್ಕಳು ತಾವಾಗಿಯೇ ಸಂವಹನ ಆರಂಭಿಸುವುದು ಹೆಚ್ಚಿತು. ಆದರೆ ಎಲ್ಲಾ ಅಂಶಗಳಲ್ಲಿಯೂ ಸುಧಾರಣೆ ಕಂಡುಬರಲಿಲ್ಲ. ಆದಾಗ್ಯೂ ತಜ್ಞರ ಕೊರತೆಯಿರುವ ಪ್ರದೇಶಗಳಲ್ಲಿಯೂ ಬೆಂಬಲ ಒದಗಿಸಲು ಸಾಧ್ಯ ಎಂಬುದನ್ನು ಈ ಅಧ್ಯಯನವು ತೋರಿಸಿದೆ.

ಪೋಷಕರು ಗಮನಿಸಬೇಕಾದ ಅಂಶಗಳು

1. ಮಗು 12 ತಿಂಗಳಾದರೂ ಹೆಸರು ಕರೆದಾಗ ತಿರುಗಿ ನೋಡದಿದ್ದಲ್ಲಿ, 16 ತಿಂಗಳಾದರೂ ಒಂದೂ ಪದವನ್ನಾಡದಿದ್ದಲ್ಲಿ ಅಥವಾ ಕಲಿತ ಮಾತನ್ನು ಮರೆತಲ್ಲಿ, "ದೊಡ್ಡದಾದ ಮೇಲೆ ಸರಿಹೋಗುತ್ತದೆ" ಎಂದು ಕಾಯದೆ ವೈದ್ಯರನ್ನು ಕಾಣತಕ್ಕದ್ದು.

2. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆಸಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗಳಲ್ಲಿ ತಜ್ಞರ ಸೇವೆ ಲಭ್ಯವಿದೆ.

3. ಹೊಸ ಚಿಕಿತ್ಸೆಯನ್ನು ಒಪ್ಪುವ ಮುನ್ನ, ಅದು ಅನುಮೋದಿತ ಚಿಕಿತ್ಸೆಯೇ ಅಥವಾ ಪ್ರಯೋಗವೇ ಎಂದು ಕೇಳಿ ತಿಳಿಯತಕ್ಕದ್ದು. ಪ್ರಯೋಗವಾಗಿದ್ದಲ್ಲಿ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಅದು ದಾಖಲಾಗಿರಬೇಕು ಮತ್ತು ಪರೀಕ್ಷಿಸಲಾಗುತ್ತಿರುವ ಚಿಕಿತ್ಸೆಗೆ ಕುಟುಂಬದಿಂದ ಶುಲ್ಕ ಪಡೆಯಬಾರದು.

4. ಆಟಿಸಂ, ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಪಟ್ಟಿಯಲ್ಲಿ ಸೇರಿದೆ. ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮಾ ಯೋಜನೆಯಡಿ 1 ಲಕ್ಷ ರೂಪಾಯಿಗಳವರೆಗೆ ರಕ್ಷಣೆ ಪಡೆಯಬಹುದಾಗಿದೆ.

ಮಗುವಿನ ಮೊದಲ ವರ್ಷಗಳು ಮತ್ತೆ ಬರುವಂತಹವಲ್ಲ. ಆದುದರಿಂದ ಪೋಷಕರು ಆಧಾರರಹಿತ ಭರವಸೆಗಳಿಗೆ ಮಾರುಹೋಗದೆ, ಲಭ್ಯವಿರುವ ಸೇವೆಗಳನ್ನು ವಿಳಂಬವಿಲ್ಲದೆ ಬಳಸಿಕೊಳ್ಳಲು ಕೋರಲಾಗಿದೆ.