ಖಾಲಿ ಕಾಡತೂಸಿನ ಮರುಭರ್ತಿ: ಉದ್ಯಮಿಗಳು ತಿಳಿದಿರಬೇಕಾದ ಕಾನೂನು



ಬೆಳಗಾವಿಯ ಉದ್ಯಮಬಾಗಿನಲ್ಲಿ ಸಣ್ಣ ಯಂತ್ರಾಗಾರ ನಡೆಸುವ ನಮ್ಮ ಕಕ್ಷಿದಾರರೊಬ್ಬರು ಇತ್ತೀಚೆಗೆ ಒಂದು ನಕ್ಷೆಯನ್ನು ತಂದು ತೋರಿಸಿದರು. ಉಕ್ಕಿನ ಮೂರು ಡೈಗಳು ಹಾಗೂ ಒಂದು ಕೈ ಪ್ರೆಸ್. ಕೂಲಿ ಕೆಲವೇ ಸಾವಿರ ರೂಪಾಯಿ. ಇದಕ್ಕೆ ಜಿಎಸ್‌ಟಿ ಎಷ್ಟು ಎಂಬುದಷ್ಟೇ ಅವರ ಪ್ರಶ್ನೆ. ವಿಚಾರಿಸಿದಾಗ, ಪಿಸ್ತೂಲಿನ ಖಾಲಿ ಕಾಡತೂಸುಗಳನ್ನು ಗ್ರಾಹಕರು ಮನೆಯಲ್ಲಿಯೇ ಮರುಭರ್ತಿ ಮಾಡಿಕೊಳ್ಳಲು ಇವು ಬೇಕಾಗಿವೆಯೆಂದು ತಿಳಿದುಬಂತು.

ಮರುಭರ್ತಿ ಎಂದರೇನು?

ಕಾಡತೂಸಿನಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೋಶ, ತಳದ ಪ್ರೈಮರ್, ಮದ್ದು ಮತ್ತು ಗುಂಡು. ಹಾರಿಸಿದ ಬಳಿಕ ಕೋಶ ಮಾತ್ರ ಉಳಿಯುತ್ತದೆ. ಅದನ್ನು ಮತ್ತೆ ಬಳಸಿದರೆ ಖರ್ಚು ಉಳಿಯುತ್ತದೆಂಬುದೇ ಇದರ ಆಕರ್ಷಣೆ. ಅಮೆರಿಕದಲ್ಲಿ ಸ್ವಂತ ಬಳಕೆಗಾಗಿ ಇದು ರೂಢಿಯಲ್ಲಿರುವ ಹವ್ಯಾಸ. ಆದರೆ ಅಲ್ಲಿಯೂ ಮಾರಾಟದ ವ್ಯವಹಾರಕ್ಕೆ ಪರವಾನಗಿ ಬೇಕು. ಅಲ್ಲದೆ, ಮದ್ದಿನ ಪ್ರಮಾಣ ತಪ್ಪಿದರೆ ಆಯುಧವೇ ಸಿಡಿದು ಹಾರಿಸುವವರ ಕೈ ಕಣ್ಣುಗಳಿಗೆ ಅಪಾಯವಾದೀತು.

ನಮ್ಮ ಕಾನೂನು

1959ರ ಆಯುಧ ಕಾಯ್ದೆಯ 2ನೇ ಕಲಮಿನ ವ್ಯಾಖ್ಯೆಯಂತೆ ಸಿದ್ಧ ಕಾಡತೂಸು ಮಾತ್ರವಲ್ಲ, ಅದರ ಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ 'ಮದ್ದುಗುಂಡು' ಎನಿಸುತ್ತವೆ. ತೆರಿಗೆಯ ವರ್ಗೀಕರಣದಲ್ಲಿ ಪ್ರೆಸ್ಸು ಯಂತ್ರೋಪಕರಣವೆನಿಸಬಹುದು. ಆಯುಧ ಕಾಯ್ದೆಯ ದೃಷ್ಟಿಯಲ್ಲಿ ಅದೇ ವಸ್ತು ಮದ್ದುಗುಂಡು. ತೆರಿಗೆ ಕಟ್ಟಿದ ಮಾತ್ರಕ್ಕೆ ವ್ಯವಹಾರ ಸಕ್ರಮವಾಗುವುದಿಲ್ಲ.

5ನೇ ಕಲಮಿನಂತೆ ತಯಾರಿಕೆಗೂ ಮಾರಾಟಕ್ಕೂ ಪ್ರತ್ಯೇಕ ಪರವಾನಗಿ ಅವಶ್ಯ. ಪಿಸ್ತೂಲು ಇಟ್ಟುಕೊಳ್ಳಲು ಪಡೆದ ಪರವಾನಗಿಯಲ್ಲಿ ತಯಾರಿಕೆಯ ಹಕ್ಕು ಅಡಕವಾಗಿಲ್ಲ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಮೊದಲು ಇದು 3ರಿಂದ 7 ವರ್ಷಗಳಷ್ಟಿತ್ತು. 33ನೇ ಕಲಮಿನಂತೆ ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಿಂದ ಅಪರಾಧ ನಡೆದರೆ ಅದರ ಹೊಣೆ ಹೊತ್ತವರೂ ಉತ್ತರದಾಯಿಗಳು. ತಮಗೆ ತಿಳಿಯದೆ ನಡೆಯಿತೆಂದೂ ತಕ್ಕ ಎಚ್ಚರ ವಹಿಸಿದ್ದೆವೆಂದೂ ರುಜುವಾತುಪಡಿಸುವ ಭಾರ ಅವರದೇ.

ಖಾನಾಪುರದ ರೈತರ ವಿಷಯ

ಕಾಡುಹಂದಿಗಳ ಕಾಟವಿರುವ ಖಾನಾಪುರ ತಾಲೂಕಿನ ಸದಸ್ಯರು, ರೈತರು ತಮ್ಮ ನಾಡಬಂದೂಕಿಗೆ ತಾವೇ ಮದ್ದು ತುಂಬುವುದಿಲ್ಲವೇ ಎಂದು ಕೇಳಬಹುದು. ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ನೀಡಲು ಕಾಯ್ದೆಯ 13ನೇ ಕಲಮಿನಲ್ಲಿಯೇ ಅವಕಾಶವಿದೆ. ಪ್ರತಿ ಸಲ ಮದ್ದು ತುಂಬುವುದು ಆ ಬಂದೂಕಿನ ಸಹಜ ಬಳಕೆಯೇ ಹೊರತು ಕಾಡತೂಸಿನ ತಯಾರಿಕೆಯಲ್ಲ. ಆದರೂ ಮದ್ದಿನ ಖರೀದಿ ಪರವಾನಗಿಯ ಮಿತಿಯೊಳಗೇ ಇರಬೇಕು. ವನ್ಯಜೀವಿಗಳ ವಿಷಯದಲ್ಲಿ 1972ರ ಕಾಯ್ದೆಯೂ ಅನ್ವಯಿಸುತ್ತದೆ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿದಿದೆ. ಆ ವಿನಾಯಿತಿ 3 ಮತ್ತು 4ನೇ ಕಲಮುಗಳಿಗೆ ಸಂಬಂಧಿಸಿದ್ದು. ತಯಾರಿಕೆಯ 5ನೇ ಕಲಮಿಗಲ್ಲ.

ಸದಸ್ಯರಿಗೆ ಸಲಹೆಗಳು

1. ಅಪರಿಚಿತ ನಕ್ಷೆಯ ಕೆಲಸ ಒಪ್ಪಿಕೊಳ್ಳುವ ಮೊದಲು ಅದರ ಅಂತಿಮ ಉಪಯೋಗವನ್ನು ಬರವಣಿಗೆಯಲ್ಲಿ ಪಡೆಯಿರಿ.

2. ಕಾಡತೂಸಿನ ಭಾಗ, ಡೈ ಅಥವಾ ಅಚ್ಚು ಎಂದು ಕಂಡುಬಂದರೆ ತಯಾರಿಕೆಯ ಪರವಾನಗಿಯಿಲ್ಲದೆ ಕೈಹಾಕಬೇಡಿ.

3. ಹಿತ್ತಾಳೆ ಗುಜರಿಯಲ್ಲಿ ಖಾಲಿ ಕೋಶಗಳಿದ್ದರೆ ಹರಾಜು ಪತ್ರ ಹಾಗೂ ಬಿಲ್ಲುಗಳನ್ನು ಜೋಪಾನವಾಗಿಡಿ. ಮರುಭರ್ತಿಗಾಗಿ ಮಾರಬೇಡಿ.

4. ಮದ್ದು ಸಂಗ್ರಹವಿರುವುದನ್ನು ತಿಳಿಸದೆ ಅಗ್ನಿ ವಿಮೆ ಮಾಡಿಸಿದ್ದರೆ ಪರಿಹಾರ ನಿರಾಕರಣೆಯಾಗಬಹುದು. ಕಾನೂನು ನಿಷೇಧಿಸಿದ ಕಾರ್ಯದ ವೆಚ್ಚವನ್ನು ಆದಾಯದಿಂದ ಕಳೆಯಲೂ ಬರುವುದಿಲ್ಲ.

ಮೇಲೆ ಹೇಳಿದ ಕಕ್ಷಿದಾರರು ನಕ್ಷೆಯನ್ನು ಮರಳಿಸಿ, ನಿರಾಕರಿಸಿದ ಪತ್ರದ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಂಡರು. ಕೆಲವು ಸಾವಿರದ ಕೂಲಿ ಕೈತಪ್ಪಿತು ನಿಜ. ಆದರೆ ವರ್ಷಗಳ ದುಡಿಮೆಯಿಂದ ಕಟ್ಟಿದ ಕಾರ್ಖಾನೆ ಉಳಿಯಿತು. ವ್ಯಾಪಾರದಲ್ಲಿ ಇದನ್ನೂ ಲಾಭವೆಂದೇ ಎಣಿಸಬೇಕು.